ಅರವತ್ತನಾಲ್ಕು ಹಲ್ಲಿನ ಚಕ್ರ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮೋಟಾರಿನ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸುಟ್ಟುಹೋದರೆ ಬೈಯುತ್ತಿದ್ದರು, ಬಿಚ್ಚಿ ವೈಂಡಿಂಗಿಗೆ ಕೊಟ್ಟು ಬರುತ್ತಿದ್ದರು, ಅಷ್ಟೆ. ಜಗಳ, ಕಣ್ಣುಸನ್ನೆ, ಕದ ಮುಂದೆ ಮಾಡಿಕೊಂಡು ನಡೆಯುವ ಗುಸುಗುಸು ಎಲ್ಲಕ್ಕೂ ಕಾರಣ, ಬಟ್ಟೆ ಸುತ್ತಿಕೊಳ್ಳುವ ಕಡೆ ಇರುತ್ತಿದ್ದ ಒಂದು ಸಣ್ಣ ಬೀಡಿನ ಚಕ್ರ. ಅಂಗೈಗಿಂತ ಸ್ವಲ್ಪ ದೊಡ್ಡದು. ನಮ್ಮಲ್ಲಿ ಅದಕ್ಕೆ ಪಿಕ್ಸ್ ವೀಲು ಅನ್ನುತ್ತಿದ್ದರು. ಓದಿದವರು ಚೇಂಜ್ ವೀಲ್ ಅನ್ನುತ್ತಾರೆ. ಅದರ ಹಲ್ಲೆಷ್ಟು ಅನ್ನುವುದರ ಮೇಲೆ ಸೀರೆಯ ನೇಯ್ಗೆ ಎಷ್ಟು ಒತ್ತು, ಸೀರೆಯೊಂದಕ್ಕೆ ಎಷ್ಟು ಹೊತ್ತು, ಕೊನೆಗೆ ಕೂಲಿ ಎಷ್ಟು ಅನ್ನುವುದೆಲ್ಲ ನಿಂತಿತ್ತು.

ನಮ್ಮದು ನಾಲ್ಕು ಮಗ್ಗ. ಕರೇನಹಳ್ಳಿ ಕಡೆಯ ಶೀಟಿನ ಮನೆ, ಮುಂದೆ ಮಗ್ಗ, ಹಿಂದೆ ಅಡುಗೆ. ಅಪ್ಪ ಮತ್ತು ಚಿಕ್ಕಪ್ಪ ಮಗ್ಗ ಓಡಿಸುವುದು, ಅಮ್ಮ ಕಂಡಿಕೆ ಸುತ್ತುವುದು, ನಾವು ಮಕ್ಕಳು ಶಾಲೆ ಬಿಟ್ಟ ಮೇಲೆ ಕಡಿದ ಎಳೆ ಹುಡುಕಿ ಗಂಟು ಹಾಕುವುದು. ನೂಲು ನಮ್ಮದಲ್ಲ. ಬೆಂಗಳೂರಿನ ಚಿಕ್ಕಪೇಟೆಯ ವ್ಯಾಪಾರಿಯೊಬ್ಬರು ತೂಕ ಹಾಕಿ ಕೊಡುತ್ತಿದ್ದರು, ಸೀರೆಯನ್ನು ತೂಕ ಹಾಕಿ ತೆಗೆದುಕೊಳ್ಳುತ್ತಿದ್ದರು. ಊರಿನ ಮುಕ್ಕಾಲು ಮನೆ ಹಾಗೆಯೇ ನಡೆಯುತ್ತಿತ್ತೆಂದು ನನ್ನ ಅಂದಾಜು.

ಮಗ್ಗದ ಓಟವನ್ನು ಮೋಟಾರಿನಿಂದ ಬಟ್ಟೆಯ ಕಡೆಗೆ ನೋಡುತ್ತಾ ಬಂದರೆ, ವೇಗ ಮೂರು ಕಡೆ ಇಳಿಯುತ್ತದೆ. ಮೊದಲನೆಯದು ಮೋಟಾರಿನ ಹತ್ತಿರ. ನಿಮಿಷಕ್ಕೆ 960 ಸುತ್ತು ತಿರುಗುವ ಮೋಟಾರು ನೇರವಾಗಿ ಮಗ್ಗಕ್ಕೆ ಕೂತರೆ ಲಾಳಿ ಗೋಡೆ ಒಡೆದುಕೊಂಡು ಹೋಗುತ್ತದೆ. ಹಾಗಾಗಿ ಸಣ್ಣ ಚಕ್ರದಿಂದ ದೊಡ್ಡದಕ್ಕೆ ಎಂಟಕ್ಕೆ ಒಂದರಂತೆ ಇಳಿಸಿ, ಮೇಲಿನ ಕ್ರ್ಯಾಂಕ್ ಶಾಫ್ಟನ್ನು ನಿಮಿಷಕ್ಕೆ ಸುಮಾರು 120 ಸುತ್ತಿಗೆ ತರುತ್ತಿದ್ದರು. ನಮ್ಮ ಎರಡು ಮಗ್ಗಕ್ಕೆ ಇಲ್ಲಿ ಬೆಲ್ಟಿತ್ತು, ಎರಡಕ್ಕೆ ನೇರ ಗೇರು. ಬೆಲ್ಟು ಜಾರಿದರೆ ಮಗ್ಗ ಸ್ವಲ್ಪ ನಿಧಾನವಾಗುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಆ ಜಾಗದಲ್ಲಿ ಜಾರಿಕೆಗೆ ಮಾಫಿ ಉಂಟು.

ಎರಡನೆಯ ಕಡೆ ಮಾಫಿ ಇಲ್ಲ. ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ಬಂದರೆ ಹಣಿಗೆ ಒಂದು ಸಲ ಬಡಿಯುತ್ತದೆ, ಅಂದರೆ ಒಂದು ಪಿಕ್ಕು. ಆದರೆ ಲಾಳಿ ಒಂದು ಪಿಕ್ಕಿಗೆ ಎಡದಿಂದ ಹೋಗಬೇಕು, ಇನ್ನೊಂದಕ್ಕೆ ಬಲದಿಂದ ಬರಬೇಕು. ಸಾದಾ ನೇಯ್ಗೆಯಲ್ಲಿ ಹಾಸಿನ ಎಳೆಗಳು ಮೇಲೆ ಕೆಳಗೆ ಆಗುವುದೂ ಎರಡು ಪಿಕ್ಕಿಗೆ ಒಮ್ಮೆ ಮೊದಲಿನ ಜಾಗಕ್ಕೆ ಬರುತ್ತದೆ. ಆದ್ದರಿಂದ ಕೆಳಗಿನ ಬಾಟಮ್ ಶಾಫ್ಟು ಮೇಲಿನದರ ಸರಿಯಾಗಿ ಅರ್ಧ ವೇಗದಲ್ಲಿ ತಿರುಗಬೇಕು. ಮೇಲಿನ ಚಕ್ರಕ್ಕೆ ಎಷ್ಟು ಹಲ್ಲೋ ಕೆಳಗಿನದಕ್ಕೆ ಅದರ ಎರಡರಷ್ಟು. ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದ ಮೇಲೆ ಮಗ್ಗ ಏನೇನೋ ರೂಪ ತಾಳಿದೆ. ಲಾಳಿ ಓಡುವ ಮಗ್ಗದಲ್ಲಿ ಈ ಒಂದಕ್ಕೆ ಎರಡು ಮಾತ್ರ ಹಾಗೇ ಉಳಿದುಕೊಂಡು ಬಂತು.

ನಮ್ಮ ಮೂರನೇ ಮಗ್ಗದ ಕೆಳಗಿನ ಚಕ್ರವನ್ನು ಒಮ್ಮೆ ಬೇರಿಂಗ್ ಬದಲಾಯಿಸಲು ಬಿಚ್ಚಿದ್ದರು. ಮತ್ತೆ ಕೂರಿಸುವಾಗ ಒಂದೇ ಒಂದು ಹಲ್ಲು ಆಚೆ ಸೇರಿಕೊಂಡಿತ್ತು. ಕೈಯಲ್ಲಿ ತಿರುಗಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕರೆಂಟು ಕೊಟ್ಟ ಮೇಲೆ ಏಟು ತಡವಾಗಿ ಬಿತ್ತು, ಲಾಳಿ ಇನ್ನೂ ದಾರಿಯಲ್ಲಿದ್ದಾಗಲೇ ಹಣಿಗೆ ಬಂದು ಅದರ ಮೇಲೆಯೇ ಬಡಿಯಿತು. ಹಾಸಿನ ನೂರಾರು ಎಳೆ ಒಟ್ಟಿಗೆ ಕಡಿದು ನೇತಾಡಿದವು. ಅವನ್ನು ಗಂಟು ಹಾಕುತ್ತಾ ಅಪ್ಪ, ಅಮ್ಮ, ಚಿಕ್ಕಪ್ಪ, ನಾನು ಹಗಲೂ ರಾತ್ರಿ ಕೂತಿದ್ದೆವು. ಆಮೇಲೆ ಊರಿನ ಮೇಸ್ತ್ರಿ ಬಂದವರು ಚಕ್ರವನ್ನು ಸರಿಯಾಗಿ ಕೂರಿಸಿ, ಒಂದಕ್ಕೊಂದು ಸೇರುವ ಎರಡೂ ಚಕ್ರಗಳ ಹಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಸುಣ್ಣ ಅಳಿಸಿಹೋದೀತೆಂದು ಉಳಿಯಿಂದಲೂ ಒಂದು ಚುಕ್ಕೆ ಹೊಡೆದರು. ಆ ಚುಕ್ಕೆ ಮಗ್ಗ ಇರುವ ತನಕ ಇತ್ತು.

ಮೂರನೆಯ ಇಳಿತವೇ ಪಿಕ್ಸ್ ವೀಲು ಇರುವ ಜಾಗ. ಹಣಿಗೆ ಒಂದೊಂದು ಸಲ ಬಡಿದಾಗಲೂ ಒಂದು ಕೊಕ್ಕೆ ಬಂದು ರ‍್ಯಾಚೆಟ್ ಚಕ್ರದ ಒಂದು ಹಲ್ಲನ್ನು ಮುಂದೆ ತಳ್ಳುತ್ತದೆ. ಆ ಚಕ್ರ ಇನ್ನೊಂದನ್ನು, ಅದು ಮತ್ತೊಂದನ್ನು ತಿರುಗಿಸುತ್ತಾ ಹೋಗಿ ಕೊನೆಗೆ ಮರಳು ಕಾಗದ ಸುತ್ತಿದ ರೋಲರು ಕೂದಲೆಳೆಯಷ್ಟು ಅಲುಗುತ್ತದೆ. ನೆಯ್ದ ಬಟ್ಟೆ ಅಷ್ಟೇ ಮುಂದೆ ಹೋಗುತ್ತದೆ. ನಮ್ಮ ಹೊಸ ಮಗ್ಗಗಳಲ್ಲಿದ್ದದ್ದು ಏಳು ಚಕ್ರದ ಏರ್ಪಾಡು, ಪುಸ್ತಕದಲ್ಲಿ ಅದಕ್ಕೆ ಪಿಕಲ್ಸ್ ಟೇಕಪ್ ಎಂದು ಹೆಸರು. ರ‍್ಯಾಚೆಟ್ಟಿಗೆ 24 ಹಲ್ಲು, ಅದರ ಜೊತೆಗೇ ಕೂತ ಸ್ಟ್ಯಾಂಡರ್ಡ್ ವೀಲಿಗೆ 36, ಅದು ತಿರುಗಿಸುವ ಪಿಕ್ಸ್ ವೀಲು ನಿಮಗೆ ಬೇಕಾದಷ್ಟು, ಅದರ ಜೊತೆಯದಕ್ಕೆ 24, ಆಮೇಲೆ 89, ಅದರ ಜೊತೆ 15, ಕೊನೆಗೆ ರೋಲರಿನ ಮೇಲೆ 90.

ಪಿಕ್ಸ್ ವೀಲು 64 ಹಲ್ಲಿನದಾದರೆ ರೋಲರು ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 949 ಪಿಕ್ಕು ಬಿದ್ದಿರುತ್ತದೆ. ನಿಮಿಷಕ್ಕೆ 120ರಂತೆ ಹೆಚ್ಚುಕಡಿಮೆ ಎಂಟು ನಿಮಿಷ. ಅಷ್ಟರಲ್ಲಿ ಮೋಟಾರು 7,600 ಸುತ್ತು ಸುತ್ತಿರುತ್ತದೆ. ಅದೇ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ತುದಿ ಕಣ್ಣಿಗೆ ಕಾಣದಷ್ಟು ಜೋರು, ಇನ್ನೊಂದು ತುದಿ ಕಣ್ಣಿಗೆ ಕಾಣದಷ್ಟು ನಿಧಾನ. ಮನೆಗೆ ಬಂದ ನೆಂಟರೆಲ್ಲ ಲಾಳಿಯನ್ನೇ ನೋಡುತ್ತಿದ್ದರು. ಅಪ್ಪ ನೋಡುತ್ತಿದ್ದುದು ರೋಲರನ್ನು.

ಈ ಚಕ್ರಗಳ ಒಂದು ಗುಣ ನನಗೆ ಬಹಳ ತಡವಾಗಿ ಅರ್ಥವಾಯಿತು. ಸಂಜೆ ಊರಿಗೆಲ್ಲ ದೀಪ ಹತ್ತುವ ಹೊತ್ತಿಗೆ ವೋಲ್ಟೇಜು ಇಳಿದು, ಮೋಟಾರು ಗೊಣಗುತ್ತಾ, ಬೆಲ್ಟು ಜಾರುತ್ತಾ ಮಗ್ಗ ತೆವಳುತ್ತಿತ್ತು. ಆಗ ನೆಯ್ದ ಬಟ್ಟೆಗೂ ಬೆಳಗ್ಗೆ ನೆಯ್ದ ಬಟ್ಟೆಗೂ ಒಂದು ಎಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ರೋಲರಿಗೆ ಗಡಿಯಾರದ ಪರಿಚಯವಿಲ್ಲ, ಪಿಕ್ಕಿನ ಪರಿಚಯ ಮಾತ್ರ. ಮೋಟಾರಿಗೆ ಏನೇ ಆಗಲಿ, ಇಂಚಿಗೆ ಅರವತ್ತನಾಲ್ಕು ಎಂದರೆ ಅರವತ್ತನಾಲ್ಕೇ. ಏಳು ಚಕ್ರದ ಮಗ್ಗದಲ್ಲಿ ಲೆಕ್ಕ ಇನ್ನೂ ಸಲೀಸು: 36ರ ಸ್ಟ್ಯಾಂಡರ್ಡ್ ವೀಲು ಇದ್ದರೆ ಪಿಕ್ಸ್ ವೀಲಿಗೆ ಎಷ್ಟು ಹಲ್ಲೋ ಇಂಚಿಗೆ ಅಷ್ಟೇ ಪಿಕ್ಕು. ಹಲ್ಲು ಎಣಿಸಲು ಬಂದರೆ ಸಾಕು, ಓದು ಬರಹ ಬೇಕಿಲ್ಲ.

ಹಳೆಯ ಎರಡು ಮಗ್ಗಗಳಲ್ಲಿ ಐದು ಚಕ್ರದ ಏರ್ಪಾಡಿತ್ತು. ಅಲ್ಲಿ ಎಲ್ಲ ಉಲ್ಟಾ. ಅದರಲ್ಲಿ ಪಿಕ್ಸ್ ವೀಲು ರ‍್ಯಾಚೆಟ್ಟಿನ ಜೊತೆಯೇ ಕೂತು ಮುಂದಿನದನ್ನು ತಿರುಗಿಸುತ್ತದೆ. ಹಲ್ಲು ಹೆಚ್ಚಾದರೆ ಬಟ್ಟೆ ಬೇಗ ಓಡುತ್ತದೆ, ಪಿಕ್ಕು ಕಡಿಮೆಯಾಗುತ್ತದೆ. ಏಳು ಚಕ್ರದ್ದರಲ್ಲಿ ಪಿಕ್ಸ್ ವೀಲನ್ನು ಬೇರೆಯದು ತಿರುಗಿಸುತ್ತದೆ, ಆದ್ದರಿಂದ ಹಲ್ಲು ಹೆಚ್ಚಿದರೆ ಪಿಕ್ಕೂ ಹೆಚ್ಚು. ಒಂದೇ ಗೋಡೆಯ ಮೊಳೆಗೆ ಎರಡು ಜಾತಿಯ ಚಕ್ರಗಳೂ ತಂತಿಯಲ್ಲಿ ಪೋಣಿಸಿ ನೇತಾಡುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದವರು ಅವುಗಳಿಗೆ ಕೈ ಹಾಕುವಂತಿರಲಿಲ್ಲ.

ಮೇಸ್ತ್ರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಯಸ್ಸಾದವರು, ಕಿವಿ ಸ್ವಲ್ಪ ಮಂದ (ಊರಿನ ಅರ್ಧ ನೇಕಾರರ ಕಿವಿ ಹಾಗೆಯೇ), ಜೇಬಿನಲ್ಲಿ ಯಾವಾಗಲೂ ದರ್ಜಿಯ ಟೇಪು. ಬಟ್ಟೆಯಲ್ಲಿ ಅಡ್ಡಪಟ್ಟೆ ಬೀಳುತ್ತಿದೆ, ಒಂದು ಕಡೆ ಒತ್ತು ಒಂದು ಕಡೆ ತೆಳು ಎಂದು ಕರೆಸಿದರೆ, ನಾವು ಸ್ಪ್ಯಾನರು ಹಿಡಿದು ಕಾಯುತ್ತಿದ್ದೆವು. ಅವರು ಮಗ್ಗದ ಕಡೆ ನೋಡುತ್ತಲೇ ಇರಲಿಲ್ಲ.

"ಮಿಷನ್ನು ಆಮೇಲೆ ಬಿಚ್ಚೋಣ ಕಣಪ್ಪ. ಮೊದ್ಲು ಬಟ್ಟೆ ಹಾಸು."

ಬಟ್ಟೆಯನ್ನು ಬೆಳಕಿಗೆ ಹಿಡಿದು ಪಟ್ಟೆಯಿಂದ ಪಟ್ಟೆಗೆ ಟೇಪು ಇಡುತ್ತಿದ್ದರು. ಎರಡೂವರೆ ಇಂಚಿಗೊಂದು ಪಟ್ಟೆ ಬಂದರೆ "ಎಂಬತ್ತೊಂಬತ್ತು" ಎನ್ನುತ್ತಿದ್ದರು. ಇಂಚಿನ ಮೂರರಲ್ಲಿ ಎರಡು ಪಾಲಿಗೊಂದು ಬಂದರೆ ಪಿಕ್ಸ್ ವೀಲು. ಹದಿನೈದು ಇಂಚಿಗೊಂದಾದರೆ ರೋಲರಿನ ಚಕ್ರ. ಸರಿಯಾಗಿ ಅದೇ ಚಕ್ರದಲ್ಲಿ ಒಂದು ಹಲ್ಲು ಮುಕ್ಕಾಗಿರುತ್ತಿತ್ತು, ಇಲ್ಲವೇ ಹಲ್ಲಿನ ಬುಡದಲ್ಲಿ ರೇಷ್ಮೆಯ ಜುಂಗೂ ಕರಿ ಗ್ರೀಸೂ ಸೇರಿ ಗಟ್ಟಿಯಾಗಿ ಕೂತಿರುತ್ತಿತ್ತು. ಆ ಗಟ್ಟಿ ತುಂಡಿನ ಮೇಲೆ ಎದುರಿನ ಹಲ್ಲು ಹತ್ತಿ ಇಳಿಯುವಾಗ ರೋಲರು ಒಂದು ಕ್ಷಣ ತಡವರಿಸುತ್ತದೆ, ಅದೇ ಪಟ್ಟೆ. ಕೊಡೆಯ ಕಡ್ಡಿಯನ್ನು ಮೊನೆ ಮಾಡಿಕೊಂಡು ಮೇಸ್ತ್ರಿ ಒಂದೊಂದೇ ಹಲ್ಲಿನ ಸಂದಿಯಿಂದ ಆ ಕರಿಯ ಗಸಿಯನ್ನು ಕೀಳುತ್ತಿದ್ದರು. ಕಿತ್ತ ತುಂಡಿನ ಮೇಲೆ ಹಲ್ಲಿನ ಅಚ್ಚು ಸ್ಪಷ್ಟವಾಗಿ ಮೂಡಿರುತ್ತಿತ್ತು.

ಅವರಿಗೆ ಈ ಅಳತೆಗಳು ಹೇಗೆ ಗೊತ್ತಾದವೋ ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮುಂದೆ ನಾನು ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು ಕೆ.ಆರ್. ಸರ್ಕಲ್ಲಿನ ಹತ್ತಿರದ ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜುಬಿಲಿ ಸಂಸ್ಥೆಯಲ್ಲಿ ಜವಳಿ ಓದಿದೆ. 1938ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಟೇಕಪ್ ಲೆಕ್ಕ ಕಲಿಸಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಮೇಸ್ತ್ರಿಯ ಟೇಪನ್ನು ಪರೀಕ್ಷೆ ಮಾಡಿದ್ದು. ರೋಲರಿನ ಸುತ್ತಳತೆ 15.05 ಇಂಚು. 15ನ್ನು 90ರಿಂದ ಭಾಗಿಸಿ ಅದಕ್ಕೆ ಗುಣಿಸಿದರೆ ಎರಡೂವರೆ. ಅದನ್ನು 24ರಿಂದ ಗುಣಿಸಿ 89ರಿಂದ ಭಾಗಿಸಿದರೆ 0.68. ಅಂದರೆ ಮೂರರಲ್ಲಿ ಎರಡು ಪಾಲು, ಒಂದು ನೂಲು ಹೆಚ್ಚು. ಸರಿ ಇತ್ತು.

ಇನ್ನೊಂದು ವಿಷಯವೂ ಅಲ್ಲೇ ಬಗೆಹರಿಯಿತು. 90 ಇರಬೇಕಾದ ಕಡೆ 89 ಯಾಕೆ? 64ರ ಚಕ್ರ ಹಾಕಿ ಮಗ್ಗದ ಮೇಲಿನ ಲೆಕ್ಕ ಮಾಡಿದರೆ ಇಂಚಿಗೆ 63 ಚಿಲ್ಲರೆ ಪಿಕ್ಕು ಮಾತ್ರ ಬರುತ್ತದೆ. ಬಟ್ಟೆ ಮಗ್ಗದ ಮೇಲೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಇಳಿಸಿದ ಮೇಲೆ ನೂರಕ್ಕೆ ಒಂದೂವರೆಯಷ್ಟು ಕುಗ್ಗಿ, ಆಗ ಸರಿಯಾಗಿ 64 ಆಗುತ್ತದೆ. ಆ ಕುಗ್ಗುವ ಒಂದೂವರೆಯನ್ನು ಮೊದಲೇ ಹಲ್ಲುಗಳ ಲೆಕ್ಕದಲ್ಲಿ ಸೇರಿಸಿಟ್ಟಿದ್ದಾರೆ. ಎಂಬತ್ತೊಂಬತ್ತು ಅನ್ನುವ ಆ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡವರ ಮೇಲೆ ನನಗೆ ಇವತ್ತಿಗೂ ಗೌರವ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಕುಪ್ಪಸವೂ ಸೇರಿ ಆರೂಕಾಲು ಮೀಟರಿನ ಸೀರೆ ಎಂದರೆ 246 ಇಂಚು. 64ರಂತೆ 15,744 ಪಿಕ್ಕು. ಎಳೆ ಕಡಿಯದೆ, ಕಂಡಿಕೆ ಮುಗಿಯದೆ ಒಂದೇ ಸಮ ಓಡಿದರೂ ಎರಡು ಗಂಟೆ ಹತ್ತು ನಿಮಿಷ. ಅದೇ ಜಾಗಕ್ಕೆ 62ರ ಚಕ್ರ ಹಾಕಿದರೆ 492 ಪಿಕ್ಕು ಉಳಿಯಿತು. ಹೊತ್ತು ನಾಲ್ಕೇ ನಿಮಿಷ, ಆದರೆ 48 ಇಂಚು ಅಗಲದ ಬಟ್ಟೆಯಲ್ಲಿ ಅಷ್ಟು ಪಿಕ್ಕೆಂದರೆ ಸೀರೆಗೆ 600 ಮೀಟರ್ ನೂಲು. ಸೀರೆಯನ್ನು ಉಟ್ಟವರಿಗೆ ಗೊತ್ತಾಗುವುದಿಲ್ಲ. ಎರಡು ಹಲ್ಲು ಇಳಿಸುವುದಕ್ಕೆ ಕಾಲು ಗಂಟೆಯ ಕೆಲಸ ಸಾಕು: ಒಂದು ಬೋಲ್ಟು ಸಡಿಲಿಸು, ಚಕ್ರ ತೆಗೆ, ಇನ್ನೊಂದು ಹಾಕು, ತೋಳನ್ನು ಸರಿಸಿ ಹಲ್ಲಿಗೆ ಹಲ್ಲು ಕೂರಿಸಿ ಬಿಗಿ ಮಾಡು.

ಇದನ್ನು ಮಾಡುವವರು ನೇಕಾರರೇ ಎಂದು ಪೇಟೆಯವರು ನಂಬಿದ್ದರು. ಅವರ ಜೇಬಿನಲ್ಲಿ ಮಡಚುವ ಹಿತ್ತಾಳೆಯ ಪಿಕ್ ಗ್ಲಾಸು ಇರುತ್ತಿತ್ತು, ಕೆಳಗೆ ಒಂದು ಇಂಚಿನ ಚೌಕದ ಕಿಂಡಿ, ಮೇಲೆ ಮಸೂರ. ಸೀರೆಯ ಮಧ್ಯೆ ಎಲ್ಲೋ ಅದನ್ನಿಟ್ಟು, ಸೂಜಿಯ ತುದಿಯಿಂದ ಎಳೆ ಎಣಿಸುತ್ತಿದ್ದರು. ಅಪ್ಪ ಆ ಹೊತ್ತಿನಲ್ಲಿ ನಿಂತೇ ಇರುತ್ತಿದ್ದರು, ಕೂರುತ್ತಿರಲಿಲ್ಲ.

ಆದರೆ ನಾನು ಕಂಡ ಮಟ್ಟಿಗೆ ಹಲ್ಲು ಇಳಿಸುವ ಮಾತು ಮೊದಲು ಬರುತ್ತಿದ್ದುದು ಮೇಲಿನಿಂದ. ಒಂದು ವರ್ಷ ನೂಲಿನ ಬೆಲೆ ಏರಿದಾಗ ನಮಗೆ ನೂಲು ಕೊಡುತ್ತಿದ್ದ ವ್ಯಾಪಾರಿಯೇ, "ಈ ಲಾಟಿಗೆ ಅರವತ್ತೆರಡು ಹಾಕ್ಕೊಳ್ಳಿ, ಅಂಗಡಿಗೆ ಅರವತ್ತನಾಲ್ಕು ಅಂತಲೇ ಹೋಗುತ್ತೆ" ಎಂದರು. ಹಾಕಿಕೊಂಡೆವು. ಲಾಟು ಹೋದ ಮೇಲೆ ಎಲ್ಲೋ ಒಬ್ಬ ಗಿರಾಕಿ ಎಣಿಸಿ ವಾಪಸು ಮಾಡಿದ. ಹಿಡಿದುಕೊಂಡದ್ದು ನಮ್ಮ ಕೂಲಿಯಲ್ಲಿ. ಅಪ್ಪ ವಾದ ಮಾಡಲಿಲ್ಲ. ಬರವಣಿಗೆಯಲ್ಲಿ ಏನೂ ಇರಲಿಲ್ಲ, ಇದ್ದದ್ದು ಮಗ್ಗದಲ್ಲಿ 62 ಹಲ್ಲಿನ ಚಕ್ರ ಮಾತ್ರ, ಅದು ನಮ್ಮ ವಿರುದ್ಧವೇ ಸಾಕ್ಷಿ. ಅಂದಿನಿಂದ ಅಪ್ಪ ನೂಲು ತರುವಾಗಲೇ ಚೀಟಿಯಲ್ಲಿ ಹಲ್ಲಿನ ಸಂಖ್ಯೆ ಬರೆಸಿ ಸಹಿ ಹಾಕಿಸಿಕೊಳ್ಳಲು ಶುರುಮಾಡಿದರು. ವ್ಯಾಪಾರಿಗೆ ಅದು ಹಿಡಿಸಲಿಲ್ಲ. ಇನ್ನೊಬ್ಬ ವ್ಯಾಪಾರಿಯನ್ನು ಹುಡುಕಿಕೊಂಡೆವು.

ಅಪರೂಪಕ್ಕೆ ಬೇಕಾಗುವ ಚಕ್ರಗಳಿಗೆ ರೈಲ್ವೆ ಸ್ಟೇಷನ್ ಕಡೆಯ ಒಂದು ಲೇತ್ ಅಂಗಡಿಗೆ ಹೋಗಬೇಕಿತ್ತು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದ ಮೇಲೆ ನಮ್ಮ ಸುತ್ತಿನ ಊರುಗಳ ಕೈಕೆಲಸದವರಿಗೆ ಲೇತು, ಮಿಲ್ಲಿಂಗು ಅನ್ನುವುದು ಮನೆಮಾತಾಯಿತು. ಈ ಅಂಗಡಿಯವರೂ ಆ ಗಾಳಿಯಲ್ಲಿ ಬೆಳೆದವರು. ಮುರಿದ ಒಂದೇ ಹಲ್ಲಾದರೆ ಅವರು ಹೊಸ ಚಕ್ರ ಮಾಡುತ್ತಿರಲಿಲ್ಲ. ಹಲ್ಲಿನ ಬುಡದಲ್ಲಿ ಸಾಲಾಗಿ ತೂತು ಕೊರೆದು, ಉಕ್ಕಿನ ಮೊಳೆ ತಿರುಗಿಸಿ ಕೂರಿಸಿ, ಅವುಗಳ ಸುತ್ತ ಹಿತ್ತಾಳೆ ಕರಗಿಸಿ ತುಂಬಿ, ಅರದಿಂದ ಉಜ್ಜಿ ಪಕ್ಕದ ಹಲ್ಲಿನ ರೂಪಕ್ಕೆ ತರುತ್ತಿದ್ದರು. ಬೀಡಿನ ಕಪ್ಪು ಚಕ್ರದಲ್ಲಿ ಒಂದು ಬಂಗಾರದ ಹಲ್ಲು.

ಇಡೀ ಚಕ್ರ ಮಾಡುವುದನ್ನು ನೋಡಲು ನಾನು ಅಲ್ಲೇ ನಿಂತುಬಿಡುತ್ತಿದ್ದೆ. ಡಿವೈಡಿಂಗ್ ಹೆಡ್ ಎಂಬ ಪೆಟ್ಟಿಗೆಯ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಚಕ್ರ ಒಂದು ಸುತ್ತು ಬರುತ್ತದೆ. ಒಳಗೆ ವರ್ಮ್ ಗೇರು. ಹಿಡಿಕೆಯ ಹಿಂದೆ ತೂತುಗಳ ಬಿಲ್ಲೆ, ಒಂದೊಂದು ವೃತ್ತದಲ್ಲಿ ಇಷ್ಟಿಷ್ಟೆಂದು ತೂತು. 64 ಹಲ್ಲು ಬೇಕಾದರೆ 40ನ್ನು 64ರಿಂದ ಭಾಗಿಸಬೇಕು, ಎಂಟರಲ್ಲಿ ಐದು. ಅಂದರೆ 16 ತೂತಿನ ವೃತ್ತದಲ್ಲಿ ಹತ್ತು ತೂತು ಸರಿದು ಒಂದು ಹಲ್ಲು ಕೊರೆಯುವುದು. 62ಕ್ಕೆ 31 ತೂತಿನ ವೃತ್ತದಲ್ಲಿ ಇಪ್ಪತ್ತು. ಅಪ್ಪ ಒಮ್ಮೆ 63ರದ್ದೊಂದು ಕೇಳಿದಾಗ ಅವರು ಬಿಲ್ಲೆಗಳನ್ನೆಲ್ಲ ತಿರುವಿಹಾಕಿ ತಲೆಯಾಡಿಸಿದರು.

"ಆಗಲ್ಲ ಅಂತಲ್ಲಣ್ಣ, ಸುಲಭಕ್ಕೆ ಬರಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಗೇರಿನ ಸರಣಿ ಕಟ್ಟಬೇಕು. ನಿಮ್ಮ ಎಂಬತ್ತೊಂಬತ್ತೂ ಹಂಗೇನೆ. ಅರವತ್ತೆರಡೋ ಅರವತ್ತನಾಲ್ಕೋ ಹೇಳಿ, ಸಂಜೆಗೆ ಕೊಡ್ತೀನಿ."

ಅವರ ಗೋಡೆಯಲ್ಲಿ ಒಂದು ದೊಡ್ಡ ಚಕ್ರ ನೇತಾಡುತ್ತಿತ್ತು, 127 ಹಲ್ಲಿನದು. ಅದು ಲೇತಿನದು. ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಮರೆ ಕೊರೆಯಬೇಕಾದರೆ ಅದು ಬೇಕೇ ಬೇಕು, ಯಾಕೆಂದರೆ 25.4ರ ಐದರಷ್ಟು 127. ದೇಶವೆಲ್ಲ ಮೀಟರಿಗೆ ಹೊರಳಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಮಗ್ಗದ ಲೆಕ್ಕ ಇಂಚಿನಲ್ಲೇ ಇತ್ತು, ಸೀರೆ ಮಾತ್ರ ಮೀಟರಿನಲ್ಲಿ.

ಈಚೆಗೆ ಊರಿಗೆ ಹೋದಾಗ ಚಿಕ್ಕಪ್ಪನ ಮರಿಮಗ ತನ್ನ ರೇಪಿಯರ್ ಮಗ್ಗ ತೋರಿಸಲು ಕರೆದುಕೊಂಡು ಹೋದ. ಸೂರತ್ತಿನ ಸೀರೆಗಳು ಅಗ್ಗಕ್ಕೆ ಬಂದು ಬೀಳುತ್ತಿವೆ, ಹಳೆಯ ಮಗ್ಗದಲ್ಲಿ ಗಿಟ್ಟುವುದಿಲ್ಲ ಎಂಬ ಮಾತು ಊರಿನಲ್ಲಿ ಎಲ್ಲರ ಬಾಯಲ್ಲಿದೆ. ಇವನು ಸಾಲ ಮಾಡಿ ಎರಡು ತಂದಿದ್ದಾನೆ. ಲಾಳಿ ಇಲ್ಲ, ಎರಡು ಕಡೆಯಿಂದ ಪಟ್ಟಿಗಳು ಬಂದು ನಡುವೆ ಎಳೆಯನ್ನು ಕೈಬದಲು ಮಾಡಿಕೊಳ್ಳುತ್ತವೆ. ಬಟ್ಟೆ ಸುತ್ತುವ ಕಡೆ ನಾನು ಬಗ್ಗಿ ಹುಡುಕಿದೆ. ಏಳು ಚಕ್ರವೂ ಇಲ್ಲ, ಐದೂ ಇಲ್ಲ. ರೋಲರಿಗೆ ಅದರದೇ ಒಂದು ಸರ್ವೋ ಮೋಟಾರು, ಅದರ ಮೂತಿಗೆ ಎಣ್ಣೆ ತುಂಬಿ ಮುಚ್ಚಿದ ಒಂದು ಗೇರು ಡಬ್ಬಿ. ಮುಖ್ಯ ಶಾಫ್ಟು ಎಷ್ಟು ತಿರುಗಿತೆಂದು ಒಂದು ಎನ್‌ಕೋಡರು ಎಣಿಸಿ ಹೇಳುತ್ತದೆ, ಈ ಮೋಟಾರು ಅದರ ತಾಳಕ್ಕೆ ತಿರುಗುತ್ತದೆ. ಹಲ್ಲುಗಳು ಮಾಡುತ್ತಿದ್ದ ಭಾಗಾಕಾರವನ್ನು ಒಂದು ಚಿಪ್ಪು ಮಾಡುತ್ತಿದೆ. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಿಂತು ಹೊರಟಾಗ ಪಟ್ಟೆ ಬೀಳದಂತೆ ತಾನೇ ಅಷ್ಟು ಹಿಂದೆ ಸರಿದುಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಅದಕ್ಕೆ ಬೆರಳಿನಿಂದ ಕೊಕ್ಕೆ ಎತ್ತಿ ರ‍್ಯಾಚೆಟ್ಟನ್ನು ಒಂದು ಹಲ್ಲು ಬಿಟ್ಟುಕೊಡಬೇಕಿತ್ತು.

ಪರದೆಯ ಮೇಲೆ ಪಿಕ್ಕಿನ ಸಂಖ್ಯೆ ಇತ್ತು. 63.2.

"ಇದೇನೋ ಇದು? ಆರ್ಡರು ಎಷ್ಟಕ್ಕೆ?"

"ಅರವತ್ತನಾಲ್ಕಕ್ಕೆ ತಾತ."

"ಮತ್ತೆ?"

"ಗ್ಲಾಸಿಟ್ಟು ಎಣಿಸಿದ್ರೆ ಒಂದ್ಕಡೆ ಅರವತ್ತಮೂರು ಬರುತ್ತೆ, ಒಂದ್ಕಡೆ ಅರವತ್ತನಾಲ್ಕು. ಯಾರೇನು ಹೇಳೋಕಾಗುತ್ತೆ?"

ಸೀರೆಗೆ ಇನ್ನೂರು ಪಿಕ್ಕು ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕಿತ್ತು. ಚಕ್ರವಿದ್ದಾಗ ಇಳಿಸುವುದಾದರೆ ಇಡೀ ಹಲ್ಲನ್ನೇ ಇಳಿಸಬೇಕಿತ್ತು, ಮುಕ್ಕಾಲು ಹಲ್ಲಿನ ಚಕ್ರವನ್ನು ಯಾವ ಲೇತಿನವರೂ ಕೊರೆದು ಕೊಡುತ್ತಿರಲಿಲ್ಲ. ಪೇಟೆಯವರು ಈಗ ಎಣಿಸುವುದಿಲ್ಲವೇ ಎಂದು ಕೇಳಿದೆ.

"ಗ್ಲಾಸು ಎಲ್ಲಿ ತಾತ, ಈಗ ಯಾರೂ ಎಣಿಸಲ್ಲ" ಎಂದ ಅವನು, ಮಗ್ಗ ನಿಲ್ಲಿಸದೆಯೇ. "ಮಿಲಿಗ್ರಾಮಿನ ತಕ್ಕಡಿ ಇಟ್ಕೊಂಡಿದಾರೆ."